ಒಪ್ಪಿಗೆಯ ಭಾಷೆ: ದತ್ತಾಂಶ ಕಾನೂನು ಮತ್ತು ಕನ್ನಡ ಅಧ್ಯಯನದ ಹೊಣೆ

1

2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಕುರಿತ ಚರ್ಚೆ ಬಹುಮಟ್ಟಿಗೆ ವಕೀಲರ, ಸಾಫ್ಟ್‌ವೇರ್ ಉದ್ಯಮದವರ ಹಾಗೂ ಪತ್ರಕರ್ತರ ನಡುವೆ ನಡೆದಿದೆ. ಭಾಷೆ ಮತ್ತು ಸಾಹಿತ್ಯದ ವಿಭಾಗಗಳಲ್ಲಿ ಈ ಕಾನೂನು ಚರ್ಚೆಯ ವಸ್ತುವಾದದ್ದು ವಿರಳ. ಇದು ತಂತ್ರಜ್ಞಾನದ ಸಂಗತಿ, ಹೆಚ್ಚೆಂದರೆ ನ್ಯಾಯಶಾಸ್ತ್ರದ ಸಂಗತಿ ಎಂಬ ತಿಳಿವಳಿಕೆಯೇ ಈ ಮೌನಕ್ಕೆ ಕಾರಣವಿರಬಹುದು. ಆದರೆ ಅಧಿನಿಯಮದ 5ನೆಯ ಮತ್ತು 6ನೆಯ ಕಲಮುಗಳನ್ನು ಗಮನವಿಟ್ಟು ಓದಿದರೆ, ಅಲ್ಲಿರುವುದು ಮೂಲತಃ ಭಾಷೆಯ ಪ್ರಶ್ನೆಯೆಂಬುದು ಸ್ಪಷ್ಟವಾಗುತ್ತದೆ.

ಒಬ್ಬ ವ್ಯಕ್ತಿಯ ಖಾಸಗಿ ಮಾಹಿತಿಯನ್ನು ಒಪ್ಪಿಗೆಯ ಆಧಾರದ ಮೇಲೆ ಬಳಸಲು ಬಯಸುವ ಸಂಸ್ಥೆಯು ಯಾವ ಮಾಹಿತಿ ಬೇಕು, ಏತಕ್ಕಾಗಿ ಬೇಕು ಎಂಬುದನ್ನು ಮೊದಲು ತಿಳಿಸಬೇಕು. ಪಡೆಯುವ ಒಪ್ಪಿಗೆ ಸ್ವತಂತ್ರವಾದುದೂ ನಿರ್ದಿಷ್ಟವಾದುದೂ ತಿಳಿದು ಕೊಟ್ಟುದೂ ಷರತ್ತಿಲ್ಲದುದೂ ಸಂದೇಹಕ್ಕೆಡೆಯಿಲ್ಲದುದೂ ಆಗಿರಬೇಕು. ಒಪ್ಪಿಗೆಯ ಕೋರಿಕೆ ಸ್ಪಷ್ಟವಾದ ಸರಳ ಭಾಷೆಯಲ್ಲಿರಬೇಕು. ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಆ ವ್ಯಕ್ತಿಗಿರಬೇಕು. ಆ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು. ಹೀಗಾಗಿ, ಮೊಬೈಲಿನ ಪರದೆಯ ಮೇಲೆ 'ಒಪ್ಪುತ್ತೇನೆ' ಎಂಬ ಗುಂಡಿಯನ್ನು ಒತ್ತುವ ಮೊದಲು, ಒಪ್ಪುತ್ತಿರುವುದು ಏನನ್ನು ಎಂಬುದನ್ನು ಕನ್ನಡದಲ್ಲಿ ತಿಳಿಯುವುದು ಕನ್ನಡಿಗರ ಪಾಲಿಗೆ ಕಾನೂನು ಮಾನ್ಯ ಮಾಡಿದ ಹಕ್ಕಾಗಿದೆ.

ಈ ಹಕ್ಕು ಕಾಗದದಲ್ಲೇ ಉಳಿಯುವುದೋ ಬಳಕೆಗೆ ಬರುವುದೋ ಎಂಬುದನ್ನು ನ್ಯಾಯಾಲಯವೊಂದೇ ತೀರ್ಮಾನಿಸಲಾರದು. ಒಪ್ಪಿಗೆಯನ್ನು ಕೇಳಬಲ್ಲ, ಕೊಡಬಲ್ಲ, ನಿರಾಕರಿಸಬಲ್ಲ ಕನ್ನಡ ರೂಪುಗೊಂಡಿದೆಯೇ ಎಂಬುದರ ಮೇಲೆ ಅದು ನಿಂತಿದೆ. ಆ ಕನ್ನಡವನ್ನು ರೂಪಿಸುವ ಕೆಲಸ ಕನ್ನಡ ಅಧ್ಯಯನದ ವ್ಯಾಪ್ತಿಗೆ ಸೇರಿದ್ದು.

2

ಈ ಕಾನೂನಿನ ಹಿನ್ನೆಲೆಯಲ್ಲಿ ಕರ್ನಾಟಕದ ಒಂದು ಹೆಸರಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. ಖಾಸಗಿತನವೆಂಬುದು ಮೂಲಭೂತ ಹಕ್ಕೇ ಅಲ್ಲವೆಂಬ ವಾದವನ್ನು ಸರ್ಕಾರ ಮುಂದಿಟ್ಟಾಗ ಆ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದಿತು. 2017ರ ಆಗಸ್ಟ್ 24ರಂದು ಪೀಠವು ಖಾಸಗಿತನವು ಸಂವಿಧಾನ ಕೊಡಮಾಡಿದ ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ತೀರ್ಪಿತ್ತಿತು. ಆಧಾರ್ ಕುರಿತ ಅಂತಿಮ ತೀರ್ಪು 2018ರ ಸೆಪ್ಟೆಂಬರ್‌ನಲ್ಲಿ ಬಂದಾಗ ಯೋಜನೆ ಬಹುಮಟ್ಟಿಗೆ ಉಳಿದುಕೊಂಡಿತಾದರೂ, 2017ರ ತೀರ್ಪು ನೆಟ್ಟ ತತ್ತ್ವ ಅಲುಗಲಿಲ್ಲ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಆ ತತ್ತ್ವವನ್ನು ಶಾಸನವಾಗಿಸುವ ಪ್ರಯತ್ನ ಹಲವು ಕರಡುಗಳನ್ನು ದಾಟಿ ಬಂದಿದೆ. ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ವರದಿಯನ್ನೂ ಮಸೂದೆಯ ಕರಡನ್ನೂ ಸಲ್ಲಿಸಿತು. ಸಂಸತ್ತಿನಲ್ಲಿ ಮಂಡನೆಯಾದ 2019ರ ಮಸೂದೆಯಲ್ಲಿ, ಮಾಹಿತಿ ಕೇಳುವ ತಿಳುವಳಿಕೆ ಪತ್ರವು 'ಅಗತ್ಯವೂ ಕಾರ್ಯಸಾಧ್ಯವೂ ಆದೆಡೆ' ಹಲವು ಭಾಷೆಗಳಲ್ಲಿರಬೇಕು ಎಂಬ ಅರ್ಥದ ಮಾತಿತ್ತು. ಅಗತ್ಯವೇ, ಸಾಧ್ಯವೇ ಎಂದು ತೀರ್ಮಾನಿಸುವ ಅಧಿಕಾರ ಮಾಹಿತಿ ಪಡೆಯುವವರ ಕೈಯಲ್ಲೇ ಉಳಿಯುತ್ತಿತ್ತು. ಆ ಮಸೂದೆಯನ್ನು 2022ರಲ್ಲಿ ಹಿಂತೆಗೆದುಕೊಳ್ಳಲಾಯಿತು. 2023ರ ಅಧಿನಿಯಮದಲ್ಲಿ ಆ ಷರತ್ತು ಇಲ್ಲ; ಅದರ ಸ್ಥಾನದಲ್ಲಿ ಎಂಟನೆಯ ಅನುಸೂಚಿ ಬಂದಿದೆ. ಭಾಷೆ ಸೌಜನ್ಯದ ವಿಷಯವಾಗಿದ್ದುದು ಹಕ್ಕಿನ ವಿಷಯವಾದ ಈ ಬದಲಾವಣೆಗೆ ಸಲ್ಲಬೇಕಾದ ಗಮನ ಸಂದಿಲ್ಲ.

ಆದರೂ ಒಂದು ತೊಡಕು ಉಳಿದಿದೆ. 'ಇಂಗ್ಲಿಷಿನಲ್ಲಿ ಅಥವಾ ಅನುಸೂಚಿಯ ಯಾವುದೇ ಭಾಷೆಯಲ್ಲಿ' ಎಂಬಲ್ಲಿ 'ಅಥವಾ' ಯಾರದು? ಆಯ್ಕೆ ಮಾಹಿತಿ ಕೊಡುವ ವ್ಯಕ್ತಿಯದೆಂದು ಓದಿದರೆ 22 ಭಾಷೆಗಳಲ್ಲೂ ಪಠ್ಯ ಸಿದ್ಧವಿರಬೇಕಾಗುತ್ತದೆ. ಸಂಸ್ಥೆಯದೆಂದು ಓದಿದರೆ ಇಂಗ್ಲಿಷೊಂದನ್ನೇ ಒದಗಿಸಿ ಕೈತೊಳೆದುಕೊಳ್ಳಬಹುದು. ವಾಕ್ಯದಲ್ಲಿ ಆಯ್ಕೆಯನ್ನು ಕೊಡಬೇಕಾದದ್ದು ಆ ವ್ಯಕ್ತಿಗೆ ಎಂದಿರುವುದರಿಂದ ಮೊದಲನೆಯ ಅರ್ಥವೇ ಸಾಧುವಾದುದು. ಎರಡನೆಯದನ್ನು ಒಪ್ಪಿದರೆ 'ಆಯ್ಕೆ' ಎಂಬ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಪಠ್ಯವೊಂದರ ಒಂದೊಂದು ಪದವನ್ನೂ ಹೀಗೆ ತೂಗಿ ನೋಡುವುದು ಹಳಗನ್ನಡ ಕಾವ್ಯವನ್ನು ಪಾಠ ಹೇಳುವವರಿಗೆ ಹೊಸದಲ್ಲ. ಆ ಓದು ಕಾನೂನಿನ ಪಠ್ಯಕ್ಕೂ ಸಲ್ಲಬೇಕಾಗಿದೆ.

2025ರ ನವೆಂಬರ್‌ನಲ್ಲಿ ಅಧಿನಿಯಮದ ನಿಯಮಗಳು ಪ್ರಕಟವಾದಾಗ, ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಕಲಮುಗಳ ಜಾರಿಗೆ ಹದಿನೆಂಟು ತಿಂಗಳ ಅವಧಿಯನ್ನು ಇಡಲಾಯಿತು. ಈ ಅವಧಿ ಸಂಸ್ಥೆಗಳು ತಮ್ಮ ಯಂತ್ರವ್ಯವಸ್ಥೆಯನ್ನು ಸರಿಪಡಿಸಿಕೊಳ್ಳಲಿ ಎಂದು ಇಟ್ಟದ್ದು. ಭಾಷೆಯೂ ಸಿದ್ಧವಾಗಬೇಕು ಎಂಬ ಯೋಚನೆ ಮಾತ್ರ ಎಲ್ಲೂ ಪ್ರಬಲವಾಗಿ ಕಾಣಿಸಿಲ್ಲ.

3

ಸಿದ್ಧತೆಯಿಲ್ಲದೆ ಹೋದರೆ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ. ಇಂಗ್ಲಿಷ್ ಪಠ್ಯ ಯಂತ್ರಾನುವಾದಕ್ಕೆ ಹೋಗುತ್ತದೆ. ಹೊರಬಂದ ಕನ್ನಡವನ್ನು ಯಾರೂ ಓದಿ ನೋಡದೆ ಪರದೆಗೆ ಏರಿಸುತ್ತಾರೆ. ಕಾನೂನಿನ ಅಕ್ಷರ ಪಾಲನೆಯಾಗುತ್ತದೆ, ಆಶಯ ಸೋಲುತ್ತದೆ. ಅಂಥ ಪಠ್ಯದ ಮಾದರಿಯಾಗಿ ಇಲ್ಲಿ ಒಂದು ವಾಕ್ಯವನ್ನು ಕಲ್ಪಿಸಿಕೊಳ್ಳಬಹುದು: 'ಸೇವೆಗಳನ್ನು ಉತ್ತಮಪಡಿಸುವ ಉದ್ದೇಶಕ್ಕಾಗಿ ತಮ್ಮ ವೈಯಕ್ತಿಕ ದತ್ತಾಂಶವು ಸಂಗ್ರಹಿಸಲ್ಪಡಬಹುದಾಗಿದ್ದು, ಅನ್ವಯವಾಗುವ ಕಾನೂನುಗಳಿಗೊಳಪಟ್ಟು ತೃತೀಯ ಪಕ್ಷಕಾರರೊಂದಿಗೆ ಹಂಚಿಕೊಳ್ಳಲ್ಪಡಬಹುದಾಗಿದೆ.'

ಈ ವಾಕ್ಯದ ದೋಷವನ್ನು ಸಂಸ್ಕೃತ ಪದಗಳ ಹೆಚ್ಚಳವೆಂದು ಗುರುತಿಸಿ ಸುಮ್ಮನಾಗುವುದು ಸುಲಭ. ಪಾರಿಭಾಷಿಕ ಪದಗಳನ್ನು ಕುರಿತ ಕನ್ನಡದ ವಾಗ್ವಾದಗಳು ಬಹುಕಾಲ ಈ ನೆಲೆಯಲ್ಲೇ ನಿಂತಿವೆ. ಸಂಸ್ಕೃತವೇ, ಅಚ್ಚಗನ್ನಡವೇ, ಇಂಗ್ಲಿಷೇ ಎಂಬ ಪ್ರಶ್ನೆಗೆ ಸಿಕ್ಕ ಪ್ರಾಧಾನ್ಯ ವಾಕ್ಯರಚನೆಗೆ ಸಿಕ್ಕಿಲ್ಲ. ಮೇಲಿನ ಮಾದರಿಯಲ್ಲಿ ಪದಗಳಿಗಿಂತ ಹೆಚ್ಚು ಹಾನಿ ಮಾಡುತ್ತಿರುವುದು ವ್ಯಾಕರಣ. ಕನ್ನಡದ ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ವಿರಳ. 'ಸಂಗ್ರಹಿಸಲ್ಪಡು', 'ಹಂಚಿಕೊಳ್ಳಲ್ಪಡು' ಎಂಬ ರೂಪಗಳು ಬರಹದಲ್ಲಿ ಮಾತ್ರ ಬದುಕಿವೆ. ಅವು ಕರ್ತೃವನ್ನು ಮರೆಮಾಡುತ್ತವೆ. ಸಂಗ್ರಹಿಸುವವರು ಯಾರು, ಹಂಚುವವರು ಯಾರು, ಯಾರಿಗೆ ಹಂಚುತ್ತಾರೆ ಎಂಬ ಮೂರು ಪ್ರಶ್ನೆಗಳೂ ವಾಕ್ಯದಿಂದ ಜಾರಿಹೋಗುತ್ತವೆ. ಹೊಣೆಯಿರುವವರನ್ನು ಗುರುತಿಸಬೇಕಾದ ಕಡೆಯೇ ವ್ಯಾಕರಣವು ಅವರಿಗೆ ಮರೆಯಾಗಿ ನಿಲ್ಲುತ್ತದೆ.

'ಬಹುದು' ಎಂಬ ಪ್ರತ್ಯಯದ ಕಥೆಯೂ ಇಂಥದೇ. 'ಮಳೆ ಬರಬಹುದು' ಎಂಬಲ್ಲಿ ಅದು ಸಂಭವವನ್ನೂ, 'ನೀವಿನ್ನು ಹೋಗಬಹುದು' ಎಂಬಲ್ಲಿ ಅನುಮತಿಯನ್ನೂ ಹೇಳುತ್ತದೆ. 'ಹಂಚಿಕೊಳ್ಳಬಹುದು' ಎಂದಾಗ ಹಾಗಾಗುವ ಸಂಭವವಿದೆ ಎಂದು ಓದುಗರು ತಿಳಿದರೆ, ಹಾಗೆ ಮಾಡುವ ಹಕ್ಕು ತನಗೆ ದೊರೆತಿದೆ ಎಂದು ಸಂಸ್ಥೆ ವಾದಿಸಲು ಅವಕಾಶವಿರುತ್ತದೆ. ಆಡಳಿತ ಕನ್ನಡದ 'ತಕ್ಕದ್ದು' ಇನ್ನೊಂದು ಉದಾಹರಣೆ. ಕಡ್ಡಾಯವನ್ನು ಹೇಳಲು ಅದು ಬಳಕೆಯಾಗುತ್ತಿದ್ದರೂ, 'ತಕ್ಕ' ಎಂದರೆ ಯೋಗ್ಯವಾದ ಎಂದೇ ತಿಳಿದಿರುವ ಸಾಮಾನ್ಯ ಓದುಗರಿಗೆ ಅದು ಹಿತವಚನದಂತೆ ಕೇಳಿಸುತ್ತದೆ. ಕಾನೂನಿನ ಕನ್ನಡದಲ್ಲಿ 'ಪ್ರಕರಣ' ಎಂದರೆ ಅಧಿನಿಯಮದ ಒಂದು ಭಾಗ. ದಿನಪತ್ರಿಕೆಯ ಓದುಗರಿಗೆ ಅದು ಪೊಲೀಸ್ ಠಾಣೆಯಲ್ಲಿ ದಾಖಲಾಗುವ ದೂರು. ಅದೇ ರೀತಿ, ಮಾಹಿತಿ ಯಾರಿಗೆ ಸಂಬಂಧಿಸಿದೆಯೋ ಅವರನ್ನು ಅಧಿನಿಯಮವು 'ಡೇಟಾ ಪ್ರಿನ್ಸಿಪಾಲ್' ಎಂದು ಕರೆಯುತ್ತದೆ. ಈ ಪದ ಹಾಗೆಯೇ ಕನ್ನಡಕ್ಕೆ ಬಂದರೆ ಓದುಗರ ಕಣ್ಣ ಮುಂದೆ ನಿಲ್ಲುವವರು ಕಾಲೇಜಿನ ಪ್ರಾಂಶುಪಾಲರು!

ಮೇಲಿನ ವಾಕ್ಯದ ತಾತ್ಪರ್ಯವನ್ನು ಹೀಗೂ ಹೇಳಬಹುದು: 'ಈ ಆ್ಯಪ್ ನಿಮ್ಮ ಫೋನ್ ನಂಬರನ್ನೂ ನೀವಿರುವ ಜಾಗವನ್ನೂ ತಿಳಿದುಕೊಳ್ಳುತ್ತದೆ. ಸಾಮಾನು ತಲುಪಿಸುವ ಕಂಪನಿಗೆ ಇವೆರಡನ್ನೂ ಕೊಡುತ್ತದೆ. ಬೇರೆ ಯಾರಿಗೂ ಕೊಡುವುದಿಲ್ಲ. ಬೇಡವೆನಿಸಿದರೆ ಇಲ್ಲಿ ಒತ್ತಿ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿರಿ.' ಇಲ್ಲಿ 'ಆ್ಯಪ್', 'ಫೋನ್ ನಂಬರ್', 'ಕಂಪನಿ' ಎಂಬ ಪದಗಳಿಗೆ ಅನುವಾದದ ಅಗತ್ಯವಿಲ್ಲ. ಅವು ಕನ್ನಡದ ನಿತ್ಯವ್ಯವಹಾರಕ್ಕೆ ಸೇರಿಹೋಗಿವೆ. ಗಮನಿಸಬೇಕಾದ ಸಂಗತಿ ಬೇರೆಯಿದೆ. ಎರಡನೆಯ ಪಠ್ಯವನ್ನು ಮೊದಲನೆಯದರಿಂದ ಯಾವ ಅನುವಾದಕರೂ ಪಡೆಯಲಾರರು. ಯಾವ ಮಾಹಿತಿ, ಯಾರಿಗೆ ಎಂಬ ವಿವರ ಮೂಲದಲ್ಲೇ ಇಲ್ಲ. ಸಹಜವಾದ ಕನ್ನಡ ವಾಕ್ಯ ಬರೆಯಲು ಹೊರಟ ಕೂಡಲೇ 'ಯಾರು' ಎಂಬ ಪ್ರಶ್ನೆಯನ್ನು ಸಂಸ್ಥೆಗೆ ಕೇಳಬೇಕಾಗುತ್ತದೆ. ಅಂದಮೇಲೆ ಸರಳಗನ್ನಡವೆಂಬುದು ಕೇವಲ ಓದುಗರ ಅನುಕೂಲಕ್ಕಾಗಿ ಇರುವ ಶೈಲಿಯಲ್ಲ. ಅದು ಸಂಸ್ಥೆಯ ನಡವಳಿಕೆಯನ್ನು ಪರೀಕ್ಷಿಸುವ ಒರೆಗಲ್ಲು. ಕನ್ನಡದಲ್ಲಿ ನೇರವಾಗಿ ಹೇಳಲಾಗದ ಷರತ್ತು, ಬಹುಮಟ್ಟಿಗೆ, ಇಂಗ್ಲಿಷಿನಲ್ಲೂ ನೇರವಾಗಿ ಹೇಳಲು ಯಾರೂ ಬಯಸದ ಷರತ್ತೇ ಆಗಿರುತ್ತದೆ.

4

ಇಂಥ ಭಾಷೆಯನ್ನು ರೂಪಿಸಲು ಕನ್ನಡದಲ್ಲಿ ಸಾಮಗ್ರಿಯಿಲ್ಲವೆಂಬ ಆತಂಕಕ್ಕೆ ಆಧಾರವಿಲ್ಲ. ಕನ್ನಡ ನಾಡಿನ ಶಾಸನಗಳು ವ್ಯವಹಾರದ ಭಾಷೆಯ ದೊಡ್ಡ ಭಂಡಾರ. ಗಂಗರಿಂದ ವಿಜಯನಗರದವರೆಗಿನ ಅನೇಕ ತಾಮ್ರಶಾಸನಗಳಲ್ಲಿ ರಾಜನ ವಂಶಾವಳಿಯೂ ಪ್ರಶಸ್ತಿಯೂ ಸಂಸ್ಕೃತದಲ್ಲಿದ್ದರೆ, ದಾನಕೊಟ್ಟ ಭೂಮಿಯ ಎಲ್ಲೆಗಳ ವಿವರ ಕನ್ನಡದಲ್ಲಿರುತ್ತದೆ. ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ನಡೆಯುತ್ತಿತ್ತು. ಯಾವ ಹಳ್ಳದಿಂದ ಯಾವ ಮರದವರೆಗೆ ಭೂಮಿ ಎಂಬುದು ಮಾತ್ರ ಆ ನೆಲದಲ್ಲಿ ಉಳುವವರಿಗೂ ನೆರೆಯವರಿಗೂ ತಿಳಿಯಬೇಕಿತ್ತು. ಹಕ್ಕಿನ ಎಲ್ಲೆಯನ್ನು ಗುರುತಿಸುವ ಮಾತು ಹಕ್ಕುಳ್ಳವರ ನುಡಿಯಲ್ಲಿರಬೇಕು ಎಂಬ ವಿವೇಕ ಆ ಪದ್ಧತಿಯಲ್ಲಿ ಅಡಗಿದೆ. ಇಂದಿನ ದತ್ತಾಂಶ ಕಾನೂನು ಬೇರೆ ದಾರಿಯಿಂದ ಬಂದು ತಲುಪಿರುವುದೂ ಇದೇ ವಿವೇಕವನ್ನು.

'ಒಪ್ಪ' ಎಂಬ ಪದವನ್ನೇ ನೋಡಬಹುದು. ಶಾಸನಗಳ ಕೊನೆಯಲ್ಲಿ ಗೌಡರ, ಪ್ರಜೆಗಳ, ಅಧಿಕಾರಿಗಳ 'ಒಪ್ಪ' ಬರುತ್ತದೆ. ಅಲ್ಲಿ ಅದರ ಅರ್ಥ ಸಹಿ. ಒಪ್ಪು ಎಂದರೆ ಸಮ್ಮತಿಸು, ತಕ್ಕುದಾಗಿ ತೋರು. ಒಪ್ಪಿಸು ಎಂದರೆ ಸಮ್ಮತಿಸುವಂತೆ ಮಾಡು, ಇನ್ನೊಬ್ಬರ ವಶಕ್ಕೆ ಕೊಡು. ಒಪ್ಪಂದ ಎಂದರೆ ಎರಡೂ ಕಡೆಯವರು ಸೇರಿ ಮಾಡಿಕೊಂಡ ಕರಾರು. ಅನುಮೋದನೆ, ಸಹಿ, ಹಸ್ತಾಂತರ, ಕರಾರು ಇವೆಲ್ಲ ಒಂದೇ ಧಾತುವಿನ ಸುತ್ತ ಹಬ್ಬಿವೆ. 'ಅನುಮತಿ' ಎಂಬ ಪದದಲ್ಲಿ ಮೇಲಿನವರು ಕೆಳಗಿನವರಿಗೆ ಕೊಡುವ ಅಪ್ಪಣೆಯ ಛಾಯೆಯಿದೆ; 'ಒಪ್ಪಿಗೆ'ಯಲ್ಲಿ ಸರಿಸಮಾನರ ಭಾವವಿದೆ. ಮೊಬೈಲಿನ ಪರದೆಯಲ್ಲಿ ಯಾವ ಪದವಿರಬೇಕು ಎಂಬ ಪ್ರಶ್ನೆ ಬಂದಾಗ ನಿಘಂಟುಕಾರರೂ ಶಾಸನತಜ್ಞರೂ ಹೇಳಬಹುದಾದದ್ದು ಬಹಳಷ್ಟಿದೆ.

ಅಧಿನಿಯಮದ ಇನ್ನೊಂದು ಮುಖ್ಯ ಪರಿಕಲ್ಪನೆ 'ಡೇಟಾ ಫಿಡೂಷಿಯರಿ', ಅಂದರೆ ಇನ್ನೊಬ್ಬರ ಮಾಹಿತಿಯನ್ನು ವಿಶ್ವಾಸದ ಮೇಲೆ ಇರಿಸಿಕೊಂಡಿರುವ ಸಂಸ್ಥೆ. ಈ ಸಂಬಂಧದ ಚಿಂತನೆಯೂ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ 'ಉಪನಿಧಿ' ಎಂಬ ವಿಷಯವಿದೆ. ಪೆಟ್ಟಿಗೆಯಂಥ ಮುಚ್ಚಿದ ವಸ್ತುವಿನಲ್ಲಿಟ್ಟು, ಒಳಗೇನಿದೆಯೆಂದು ಹೇಳದೆ, ಇನ್ನೊಬ್ಬನ ಕೈಗೆ ಒಪ್ಪಿಸಿದ ಸೊತ್ತೇ ಉಪನಿಧಿ. ಅದನ್ನು ಹಾಗೆಯೇ ಹಿಂದಿರುಗಿಸಬೇಕು. ಇರಿಸಿಕೊಂಡವನು ತನ್ನಿಚ್ಛೆಯಂತೆ ಅದನ್ನು ಬಳಸಿ ಬದುಕಿದರೆ ದಂಡಕ್ಕೆ ಗುರಿಯಾಗುತ್ತಾನೆ, ಲಾಭಸಹಿತ ಹಿಂದಿರುಗಿಸಬೇಕಾಗುತ್ತದೆ. ಒಪ್ಪಿಸಿದ್ದನ್ನು ತನ್ನ ಲಾಭಕ್ಕೆ ಬಳಸಬಾರದೆಂಬ ಈ ನಿಯಮಕ್ಕೂ, ತಿಳಿಸಿದ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಮಾಹಿತಿಯನ್ನು ಬಳಸಬಾರದೆಂಬ ಇಂದಿನ ನಿಯಮಕ್ಕೂ ಸಾಮ್ಯವಿದೆ. ಮುಚ್ಚಿದ ಪೆಟ್ಟಿಗೆಯ ಕಲ್ಪನೆಯಂತೂ, ಕಳಿಸಿದವರು ಮತ್ತು ಪಡೆದವರ ಹೊರತು ನಡುವಿನವರಾರೂ ಓದಲಾಗದಂತೆ ಸಂದೇಶವನ್ನು ಗೂಢಲಿಪಿಯಲ್ಲಿಡುವ ಇಂದಿನ ತಂತ್ರವನ್ನು ತರಗತಿಯಲ್ಲಿ ವಿವರಿಸಲು ಒದಗುವ ಒಳ್ಳೆಯ ದೃಷ್ಟಾಂತ.

ಪ್ರಾಚೀನರಲ್ಲಿ ಎಲ್ಲವೂ ಇತ್ತು ಎಂದು ಸಾಧಿಸುವುದು ಈ ಹೋಲಿಕೆಯ ಗುರಿಯಲ್ಲ. ವ್ಯತ್ಯಾಸವೂ ಅಷ್ಟೇ ಮುಖ್ಯವಾದುದು. ಉಪನಿಧಿಯು ರಾಜನಿಂದಾಗಲಿ, ದೈವವಶದಿಂದಾಗಲಿ, ಕಳ್ಳರಿಂದಾಗಲಿ ನಷ್ಟವಾದರೆ ಇರಿಸಿಕೊಂಡವನು ತೆರಬೇಕಾಗಿಲ್ಲ ಎಂದು ಸ್ಮೃತಿ ಹೇಳುತ್ತದೆ. ಹೊಸ ಕಾನೂನು ಕಳ್ಳರ ನೆಪವನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ತಕ್ಕ ಭದ್ರತಾ ಕ್ರಮಗಳನ್ನು ಕೈಗೊಳ್ಳದೆ ಮಾಹಿತಿ ಸೋರಿಹೋಗಲು ಬಿಟ್ಟರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಆದರೆ ರಾಜನ ವಿಷಯದಲ್ಲಿ ಹೊಸ ಕಾನೂನೂ ಹಳೆಯ ಜಾಡಿನಲ್ಲೇ ನಡೆದಿದೆ. ಸಹಾಯಧನ ಮತ್ತು ಸವಲತ್ತುಗಳಂಥ ಉದ್ದೇಶಗಳಿಗೆ ಸರ್ಕಾರವು ಒಪ್ಪಿಗೆಯಿಲ್ಲದೆಯೂ ಮಾಹಿತಿಯನ್ನು ಬಳಸಬಹುದು. ತಾನು ಸೂಚಿಸಿದ ಸರ್ಕಾರಿ ಅಂಗಗಳಿಗೆ ರಾಷ್ಟ್ರದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಂದ ಕೇಂದ್ರ ಸರ್ಕಾರ ವಿನಾಯಿತಿ ನೀಡಬಹುದು. ಇದೇ ಅಧಿನಿಯಮದ 44ನೆಯ ಕಲಮು 2005ರ ಮಾಹಿತಿ ಹಕ್ಕು ಕಾನೂನಿನಲ್ಲಿ ವೈಯಕ್ತಿಕ ಮಾಹಿತಿಗೆ ಇದ್ದ ವಿನಾಯಿತಿಯನ್ನು ವಿಸ್ತರಿಸಿದೆ. ಖಾಸಗಿತನದ ಹೆಸರಿನಲ್ಲಿ ಆಡಳಿತದ ಪಾರದರ್ಶಕತೆ ಕುಗ್ಗುತ್ತದೆಂಬ ಆಕ್ಷೇಪಕ್ಕೆ ಇದು ಕಾರಣವಾಗಿದೆ. ಒಪ್ಪಿಗೆಯ ಭಾಷೆಯನ್ನು ತಿದ್ದುವುದರಿಂದ ಈ ದೋಷಗಳು ತೊಲಗಲಾರವು. ಆದರೆ ಅವುಗಳನ್ನು ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಪ್ರಶ್ನಿಸುವ ಜನಸಮುದಾಯ ರೂಪುಗೊಳ್ಳದೆ ಅವುಗಳ ತಿದ್ದುಪಡಿಗೆ ಬಲವೂ ಬರಲಾರದು.

5

ಇದು ಕೇವಲ ಶೈಲಿಯ ಚರ್ಚೆಯಲ್ಲ ಎಂಬುದಕ್ಕೆ 'ಡಿಜಿಟಲ್ ಅರೆಸ್ಟ್' ಎಂಬ ಹೆಸರಿನ ವಂಚನೆಗಳೇ ಸಾಕ್ಷಿ. ಪೊಲೀಸರ ಅಥವಾ ತನಿಖಾ ಸಂಸ್ಥೆಯವರ ವೇಷದಲ್ಲಿ ವಿಡಿಯೊ ಕರೆ ಮಾಡಿ, ಮನೆಯಲ್ಲೇ ಬಂಧನದಲ್ಲಿರಬೇಕೆಂದು ಹೆದರಿಸಿ ಹಣ ದೋಚುವ ಈ ಕೃತ್ಯವನ್ನು ಕುರಿತು ಪ್ರಧಾನಮಂತ್ರಿಯವರೇ 2024ರ ಅಕ್ಟೋಬರ್ 27ರ ಆಕಾಶವಾಣಿ ಭಾಷಣದಲ್ಲಿ ಎಚ್ಚರಿಸಬೇಕಾಯಿತು. ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಇಂಥ ವಂಚನೆಗೆ ಸಂಕೀರ್ಣವಾದ ಯಂತ್ರಜ್ಞಾನ ಬೇಕಿಲ್ಲ. ವಾರಂಟು, ತನಿಖೆ, ಮನಿ ಲಾಂಡರಿಂಗ್ ಎಂಬ ಪದಗಳು ಹುಟ್ಟಿಸುವ ಭಯವೇ ಅದರ ಮುಖ್ಯ ಆಯುಧ. ಸುಶಿಕ್ಷಿತರೂ ಇದಕ್ಕೆ ಬಲಿಯಾಗಿದ್ದಾರೆ. ಕಾನೂನಿನ ಭಾಷೆ ಜನರಿಂದ ದೂರವಿದ್ದಷ್ಟೂ ಅದರ ವೇಷ ತೊಟ್ಟವರಿಗೆ ಅನುಕೂಲ. ಬಲವಾದ ಪಾಸ್‌ವರ್ಡ್ ಇದ್ದೂ, ಕೇಳಿದ ಮಾತಿನ ಅರ್ಥವಾಗದೆ ಓಟಿಪಿಯನ್ನು ಹೇಳಿಬಿಟ್ಟರೆ ಜಾಲದ ಭದ್ರತೆ ಅಲ್ಲಿಗೆ ಮುರಿಯುತ್ತದೆ. ಸೈಬರ್ ವಂಚನೆಯ ದೂರಿಗೆಂದು ಇರುವ 1930 ಸಂಖ್ಯೆಗೆ ಕರೆ ಮಾಡುವುದು ಹಣ ಕಳೆದುಕೊಂಡ ನಂತರದ ಕೆಲಸ; ಅದಕ್ಕೂ ಮೊದಲಿನ ಕಾವಲು ಭಾಷೆಯದು.

ಈ ಕಾವಲಿನ ಹೊರಗೆ ಉಳಿಯುವವರೂ ಇದ್ದಾರೆ ಎಂಬುದನ್ನು ಮರೆಯುವಂತಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36. ಓದಲು ಬಾರದವರಿಗೆ ಕನ್ನಡದ ಪಠ್ಯವೂ ಮೌನವೇ ಆದ್ದರಿಂದ ಒಪ್ಪಿಗೆಯ ಕೋರಿಕೆ ಕಿವಿಗೂ ಕೇಳಿಸುವಂತಿರಬೇಕು. ಕೊಂಕಣಿ, ಉರ್ದು ಎಂಟನೆಯ ಅನುಸೂಚಿಯಲ್ಲಿವೆ. ತುಳು, ಕೊಡವ, ಬ್ಯಾರಿ, ಲಂಬಾಣಿಗಳು ಅಲ್ಲಿಲ್ಲ. ಆ ನುಡಿಗಳನ್ನಾಡುವವರಲ್ಲಿ ಅನೇಕರು ಈ ಕಾನೂನನ್ನು ಕನ್ನಡದ ಮೂಲಕವೇ ತಲುಪಬೇಕಾಗಿದೆ. ಇಂಗ್ಲಿಷಿನ ದರ್ಪವನ್ನು ಪ್ರಶ್ನಿಸುವ ಕನ್ನಡವು ಅವರೆದುರು ತಾನೇ ಇಂಗ್ಲಿಷಾಗಿ ನಿಲ್ಲಬಾರದು. ಸರಳತೆಯ ಅಗತ್ಯಕ್ಕೆ ಇದು ಇನ್ನೊಂದು ಕಾರಣ.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲಸಗಳು ಕಷ್ಟಸಾಧ್ಯವಾದುವಲ್ಲ. ಸ್ನಾತಕೋತ್ತರ ತರಗತಿಯ ಭಾಷಾಂತರ ಪತ್ರಿಕೆಯಲ್ಲಿ ಕವಿತೆ ಮತ್ತು ಕಥೆಗಳ ಜೊತೆಗೆ ಒಂದು ಒಪ್ಪಿಗೆ ಪತ್ರವನ್ನೂ ಅಭ್ಯಾಸಕ್ಕೆ ಇಡಬಹುದು. ಕಾನೂನು ವಿಭಾಗದೊಡನೆ ಸೇರಿ ಮಾದರಿ ಪಠ್ಯಗಳನ್ನು ಸಿದ್ಧಪಡಿಸಿ, ಯಾರು ಬೇಕಾದರೂ ಬಳಸಿಕೊಳ್ಳುವಂತೆ ಪ್ರಕಟಿಸಬಹುದು. ಮುಖ್ಯವಾಗಿ, ಅಂಥ ಪಠ್ಯಗಳನ್ನು ವಿದ್ವಾಂಸರ ಸಮಿತಿ ಒಪ್ಪಿದರೆ ಸಾಲದು. ಸಂತೆಯ ವ್ಯಾಪಾರಿಗೆ, ಸ್ವಸಹಾಯ ಸಂಘದ ಸದಸ್ಯೆಗೆ, ಆಟೋ ಚಾಲಕನಿಗೆ ಓದಿ ಹೇಳಿ, 'ಇದರಲ್ಲಿ ಏನನ್ನು ಕೇಳುತ್ತಿದ್ದಾರೆ?' ಎಂದು ಪ್ರಶ್ನಿಸಿ, ಬಂದ ಉತ್ತರದಂತೆ ತಿದ್ದಬೇಕು. ಕ್ಷೇತ್ರಕಾರ್ಯದ ಶಿಸ್ತು ಜಾನಪದ ಅಧ್ಯಯನದ ಮೂಲಕ ಈ ವಿಭಾಗಗಳಿಗೆ ಮೊದಲಿನಿಂದಲೂ ಪರಿಚಿತವಾಗಿದೆ. ಹಾಡನ್ನೂ ಕಥೆಯನ್ನೂ ಜನರಿಂದ ಪಡೆದ ಅಧ್ಯಯನ ಪರಂಪರೆ, ಜನರ ಹಕ್ಕಿನ ಮಾತನ್ನು ಅವರಿಗೆ ತಲುಪಿಸುವ ಕೆಲಸಕ್ಕೂ ಅದೇ ಶಿಸ್ತನ್ನು ಬಳಸಬಹುದು.

ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ಕರ್ನಾಟಕ ರಾಜಭಾಷಾ ಅಧಿನಿಯಮ 1963ರದು. ಅಲ್ಲಿಂದೀಚೆಗೆ ಕನ್ನಡಕ್ಕಾಗಿ ನಡೆದ ಹಕ್ಕೊತ್ತಾಯದಲ್ಲಿ ಸರ್ಕಾರ ಕನ್ನಡದಲ್ಲಿ ಮಾತನಾಡಬೇಕು ಎಂಬ ಬೇಡಿಕೆ ಪ್ರಧಾನವಾಗಿತ್ತು. ಹೊಸ ಕಾನೂನು ಇದಕ್ಕೆ ಇನ್ನೊಂದು ಆಯಾಮವನ್ನು ಸೇರಿಸಿದೆ. ವ್ಯಕ್ತಿಯೊಬ್ಬರ ಮಾಹಿತಿಯನ್ನು ಬಯಸುವ ಸಂಸ್ಥೆ, ಅದು ಯಾವ ದೇಶದ್ದೇ ಆಗಿರಲಿ, ಕನ್ನಡದಲ್ಲಿ ಕೇಳಿ ಒಪ್ಪಿಗೆ ಪಡೆಯಬೇಕು. ಆ ಕನ್ನಡದಲ್ಲಿ 'ಒಪ್ಪುತ್ತೇನೆ' ಎಂದು ಹೇಳುವಷ್ಟೇ ಸುಲಭವಾಗಿ 'ಒಪ್ಪುವುದಿಲ್ಲ' ಎಂದು ಹೇಳಲೂ ಸಾಧ್ಯವಾಗಬೇಕು. ಅರ್ಥವಾಗದ ಮಾತಿಗೆ ಹಾಕಿದ ಒಪ್ಪ ಒಪ್ಪಿಗೆಯಲ್ಲ.